ಡಾಂಬರು ಬೇಯಿಸುತ್ತಿದ್ದ ಮೇಡಂ

ನಮ್ಮ ಮನೆಯ ಫ್ರಿಜ್ಜಿನ ಐಸ್ ಖಾನೆಯಲ್ಲಿ ಒಂದು ಕಾಲಕ್ಕೆ ರಸ್ತೆ ಇರುತ್ತಿತ್ತು. ಒಂದು ಪಕ್ಕಕ್ಕೆ ಹಸಿಬಟಾಣಿ ಪೊಟ್ಟಣ, ಇನ್ನೊಂದು ಪಕ್ಕಕ್ಕೆ ತುರಿದಿಟ್ಟ ತೆಂಗಿನಕಾಯಿ, ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ, ಅಚ್ಚುಬೆಲ್ಲದ ಆಕಾರದ, ಇದ್ದಿಲಿನಷ್ಟು ಕಪ್ಪಾದ ಗಟ್ಟಿಗಳು. ಹಬ್ಬಕ್ಕೆ ಬಂದಿದ್ದ ನನ್ನ ನಾದಿನಿ ಹೋಳಿಗೆಯ ಹೂರಣಕ್ಕೆಂದು ಒಂದನ್ನು ತೆಗೆದು ಗುಂಡುಕಲ್ಲಿನಿಂದ ಕುಟ್ಟತೊಡಗಿದಳು. ಗುಂಡುಕಲ್ಲಿನ ಮೂತಿ ಹಾರಿತೇ ಹೊರತು ಗಟ್ಟಿ ಜಗ್ಗಲಿಲ್ಲ. ಇದ್ಯಾವೂರ ಬೆಲ್ಲ ಅತ್ತಿಗೆ ಎಂದು ಕೇಳಿದಳು. ಹಳೇಬೀಡಿನದು ಎಂದೆ. ಅದೇನೂ ಸುಳ್ಳಲ್ಲ. ಹಳೇಬೀಡಿನಿಂದ ಮಾದಿಹಳ್ಳಿ ಕಡೆಗೆ ಹೋಗುವ ರಸ್ತೆಗೆ ಹಿಂದಿನ ಸಲ ಹಾಕಿದ್ದ ಜಾತಿಯ ಜಲ್ಲಿ ಮತ್ತು ಡಾಂಬರನ್ನು ಕಲಸಿ, ಅಚ್ಚಿಗೆ ತುಂಬಿ, ಬಡಿದು ಮಾಡಿದ ಗಟ್ಟಿ ಅದು.

ಅದರ ಒಡತಿ ಅರಸೀಕೆರೆಯ ನಮ್ಮ ಮಹಡಿಮನೆಯಲ್ಲಿ ಬಾಡಿಗೆಗಿದ್ದ ಇಂಜಿನಿಯರ್. ರಸ್ತೆಯ ಸಾಮಾನುಗಳ ಗುಣಮಟ್ಟ ಪರೀಕ್ಷಿಸುವ ಸರ್ಕಾರಿ ಕಚೇರಿಯಲ್ಲಿ ಕೆಲಸ. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಆಗೀಗ ಪತ್ರಿಕೆಗೆ ಏನಾದರೂ ಬರೆಯುವುದು ಗೊತ್ತಿದ್ದ ಆಕೆ ಮೊದಲೇ ಕಟ್ಟಪ್ಪಣೆ ಮಾಡಿದ್ದರು: "ಟೀಚರ್, ಬರೆಯೋದಾದ್ರೆ ನನ್ನ ಹೆಸರು ಮಾತ್ರ ಹಾಕಬೇಡಿ. ಆಮೇಲೆ ಜಿಲ್ಲೆಯ ಗುಂಡಿಗಳೆಲ್ಲ ನನ್ನ ಖಾತೆಗೇ ಬರ್ತವೆ." ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ನನ್ನ ಅತ್ತೆ ಮಾತ್ರ ಮೇಡಮ್ಮ ಎನ್ನುತ್ತಿದ್ದರು. ಕಳೆದ ತಿಂಗಳು ಆಕೆ ನಿವೃತ್ತರಾಗಿ, ಹಾರ ತುರಾಯಿಯ ಗದ್ದಲ ಮುಗಿಸಿಕೊಂಡು ನಮ್ಮಲ್ಲಿಗೆ ಬಂದು ಹೋದರು. ಆಕೆ ಹೋದ ಮೇಲೆ ಇದೆಲ್ಲ ನೆನಪಾಗುತ್ತಿದೆ.

ಫ್ರಿಜ್ಜಿನ ಕಥೆ ಮುಗಿಸಿಬಿಡುತ್ತೇನೆ. ಕಚೇರಿಯ ಪರೀಕ್ಷೆಗಳನ್ನು ಆಕೆ ಕಚೇರಿಯಲ್ಲೇ ಮಾಡುತ್ತಿದ್ದರು. ಅದು ಸಾಲದೆ ಸ್ವಂತ ಕುತೂಹಲಕ್ಕೆ ಇನ್ನಷ್ಟು ಮಾಡುವ ಚಟವಿತ್ತು. ಗಟ್ಟಿಯನ್ನು ನೀರು ಕುಡಿಸಿ, ಹೆಪ್ಪುಗಟ್ಟಿಸಿ, ಮತ್ತೆ ಬಿಸಿನೀರಿನಲ್ಲಿ ನೆನೆಹಾಕಿ, ಆಮೇಲೆ ಮೆಷಿನ್ನಿಗೆ ಕೊಟ್ಟು ಸೀಳಬೇಕು. ಒಣ ಗಟ್ಟಿ ಎಷ್ಟು ಭಾರಕ್ಕೆ ಸೀಳಿತು, ನೀರು ಕುಡಿದದ್ದು ಎಷ್ಟಕ್ಕೆ ಸೀಳಿತು ಎಂದು ಹೋಲಿಸಿದರೆ ಆ ರಸ್ತೆ ಮಳೆಗೆ ತಡೆಯುತ್ತದೋ ಇಲ್ಲವೋ ತಿಳಿಯುತ್ತದಂತೆ. ಅರಸೀಕೆರೆಯಲ್ಲಿ ಯಾವ ಕಾಲಕ್ಕೆ ಹಿಮ ಬಿದ್ದಿತ್ತು ಎಂದು ಅತ್ತೆ ಕೇಳಿದರು. "ಇಲ್ಲಿ ಬೀಳಲ್ಲ ಅಮ್ಮ, ಪುಸ್ತಕದಲ್ಲಿ ಬೀಳುತ್ತೆ" ಎಂದರು ಮೇಡಂ. ಅತ್ತೆಗೆ ಈ ಉತ್ತರ ಬಹಳ ಹಿಡಿಸಿತು. ಎಷ್ಟು ಓದಿದವಳಾದರೂ ಸುಳ್ಳು ಹೇಳುವುದಿಲ್ಲ ಎಂದು ಒಂದು ಅಂಕ ಕೊಟ್ಟರು. ಗಟ್ಟಿಗಳಿಗೆ ಫ್ರಿಜ್ಜಿನಲ್ಲಿ ಜಾಗವೂ ಸಿಕ್ಕಿತು.

ಆಕೆ ಎತ್ತರದ, ದೊಡ್ಡ ಮೈಕಟ್ಟಿನ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ಅದರ ಕೆಳಗೆ ಕ್ಯಾನ್ವಾಸ್ ಶೂ. ಮಹಡಿಯಲ್ಲಿ ನಡೆದಾಡಿದರೆ ಕೆಳಗೆ ನಮ್ಮ ಲೋಟಗಳು ಮಾತಾಡುತ್ತಿದ್ದವು. ಗಂಡ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಮೇಷ್ಟ್ರು, ಮಗಳೂ ಅಲ್ಲೇ ಓದುತ್ತಿದ್ದಳು. ಭಾನುವಾರಕ್ಕೆ ಬಸ್ಸು ಹತ್ತಿ ಹೋಗುತ್ತಿದ್ದರು, ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಂದ ತಕ್ಷಣ ಮೊದಲ ವರದಿ ಊಟದ್ದಲ್ಲ, ಮಗಳದ್ದಲ್ಲ. ದಾರಿಯ ಯಾವ ತಿರುವಿನಲ್ಲಿ ಜಲ್ಲಿ ಏಳುತ್ತಿದೆ ಎನ್ನುವುದು.

ಮಳೆ ಬಂದರೆ ನಾವೆಲ್ಲ ಒಣಹಾಕಿದ ಬಟ್ಟೆ ತೆಗೆಯಲು ಮಹಡಿಗೆ ಓಡುತ್ತಿದ್ದೆವು. ಆಕೆ ಅದೇ ಮೆಟ್ಟಿಲಿನಲ್ಲಿ ನಮಗೆ ಎದುರಾಗಿ ಕೆಳಗೆ ಓಡುತ್ತಿದ್ದರು, ರಸ್ತೆ ನೋಡಲು. ಛತ್ರಿ ಹಿಡಿದು ಬೀದಿಯ ನಡುವೆ ನಿಂತು ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡುವುದು. ಮೊದಮೊದಲು ಬೀದಿಯವರು ಏನೋ ಕಳೆದುಕೊಂಡಿದ್ದಾರೆಂದು ಹುಡುಕಿಕೊಡಲು ಹೋಗುತ್ತಿದ್ದರು. ಬೇಸಿಗೆಯಲ್ಲಿ ಮಳೆಯಿಲ್ಲದಿದ್ದರೆ ಕೈಯಲ್ಲಿನ ಬಾಟಲಿಯ ನೀರನ್ನೇ ರಸ್ತೆಗೆ ಸುರಿದು ನೋಡುವುದು. ಆ ಬಿಸಿಲಿನಲ್ಲಿ ಕುಡಿಯುವ ನೀರನ್ನು ಟಾರಿಗೆ ಕುಡಿಸುವ ಹೆಂಗಸನ್ನು ನಮ್ಮ ಬೀದಿ ಮೊದಲ ಸಲ ನೋಡಿದ್ದು.

ಯಾವುದನ್ನು ಹೊಗಳಿದರೂ ಆಕೆಯದು ಒಂದೇ ಮಾತು, ಒಂದು ಮಳೆ ಆಗ್ಲಿ. ಬಸ್‌ಸ್ಟ್ಯಾಂಡ್ ಹತ್ತಿರ ಹೊಸ ಹೋಟೆಲು ತೆರೆದು ದೋಸೆ ಬಹಳ ಚೆನ್ನಾಗಿದೆ ಎಂದರೆ, ಒಂದು ಮಳೆ ಆಗ್ಲಿ. ಎದುರು ಮನೆಗೆ ಬಂದ ಸೊಸೆ ಎಷ್ಟು ಮೆದು ಸ್ವಭಾವದವಳು ಎಂದರೆ, ಒಂದು ಮಳೆ ಆಗ್ಲಿ. ಹೊಸದಾಗಿ ಗೆದ್ದ ಪುರಸಭಾ ಸದಸ್ಯರು ತುಂಬ ಕೆಲಸಗಾರರು ಎಂದರೂ ಅದೇ. ನಮ್ಮ ಮನೆಯಲ್ಲಿ ಈ ಮಾತು ಹತ್ತಿಕೊಂಡುಬಿಟ್ಟಿತು. ನನ್ನ ಗಂಡ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ಮಾತು ಕಡಿಮೆ. ಅವರೂ ಒಮ್ಮೆ ಹೊಸ ಗಿರಾಕಿಯೊಬ್ಬರ ಎದುರಿಗೇ ಹಾಗೆಂದು ಮುಜುಗರಪಟ್ಟುಕೊಂಡು ಬಂದರು.

ನಮ್ಮ ಹೈಸ್ಕೂಲಿನ ಮಕ್ಕಳನ್ನು ಬೇಲೂರಿಗೆ ಕರೆದೊಯ್ಯುವಾಗ ಒಮ್ಮೆ ಆಕೆಯನ್ನೂ ಜೊತೆಗೆ ಕರೆದೆ. ಗೈಡು ಮದನಿಕೆಯರ ಮುಂದೆ ನಿಲ್ಲಿಸಿ ಬಳೆ ತಿರುಗುತ್ತದೆ, ಕನ್ನಡಿ ನೋಡುತ್ತಿದ್ದಾಳೆ ಎಂದು ವರ್ಣಿಸುತ್ತಿದ್ದರೆ ಮೇಡಂ ಗುಂಪಿನಲ್ಲಿರಲಿಲ್ಲ. ಹುಡುಕಿದರೆ ದೇವಸ್ಥಾನದ ಹಿಂದೆ ಕತ್ತು ಮೇಲೆತ್ತಿ ಸೂರಂಚನ್ನು ನೋಡುತ್ತ ನಿಂತಿದ್ದಾರೆ. ಮಳೆನೀರು ಗೋಡೆಗೆ ತಾಗದ ಹಾಗೆ ಸೂರನ್ನು ಹೇಗೆ ಬಾಗಿಸಿದ್ದಾರೆ, ಕೆಳಗೆ ಬಿದ್ದ ನೀರು ಅಂಗಳದಿಂದ ಎತ್ತ ಹೋಗುತ್ತದೆ ಎಂದು ಗೈಡನ್ನು ಕೇಳಿದರು. ಅವನ ಇಷ್ಟು ವರ್ಷದ ಕಸುಬಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಪಾಪ, ತಡವರಿಸಿದ. ಆಮೇಲೆ ಆಕೆ ಅವನು ಹೊಗಳುತ್ತಿದ್ದ ಮೆದುಕಲ್ಲನ್ನು ದೂರದಿಂದಲೇ ದಿಟ್ಟಿಸಿ, ಇದಕ್ಕೆ ಡಾಂಬರು ಹಿಡಿಯುತ್ತೋ ಇಲ್ವೋ ಎಂದು ತಮಗೆ ತಾವೇ ಅಂದುಕೊಂಡರು. ಗೈಡಿಗೆ ಅದು ಕೇಳಿಸಿತು. ಅವನು ನಮ್ಮ ಗುಂಪನ್ನು ಬಿಟ್ಟು ಮದನಿಕೆಗೂ ಆಕೆಗೂ ನಡುವೆ ಬಂದು ನಿಂತುಕೊಂಡ. ಆದರೆ ಮರುವರ್ಷ ನಾನು ಮಕ್ಕಳೊಂದಿಗೆ ಹೋದಾಗ ಅದೇ ಗೈಡು ಸೂರಂಚಿನ ಕೆಳಗೆ ನಿಲ್ಲಿಸಿ, ನೀರು ಎತ್ತ ಹೋಗುತ್ತದೆ ಎಂದು ಕೈಮಾಡಿ ತೋರಿಸಿ ವಿವರಿಸಿದ.

ಇಂಥ ಬಾಡಿಗೆದಾರಳನ್ನು ನಮಗೆ ಹುಡುಕಿಕೊಟ್ಟವರು ನನ್ನ ಗಂಡನ ಸೋದರಮಾವ, ಅಂದರೆ ಅತ್ತೆಯ ಒಬ್ಬನೇ ತಮ್ಮ. ನಾನೂ ಮಾವ ಎಂದೇ ಕರೆಯುವುದು. ರಸ್ತೆ ಕಂಟ್ರಾಕ್ಟರು, ಸ್ವಂತ ಕಲ್ಲಿನ ಕ್ವಾರಿ ಇತ್ತು. ಜೋರು ದನಿ, ದೊಡ್ಡ ಮೀಸೆ, ಮಠದ ಕಾರ್ಯವೆಂದರೆ ಮುಂದೆ ನಿಂತು ಬಡಿಸುವ ಕೈ. ಇಲಾಖೆಯ ಹೊಸ ಇಂಜಿನಿಯರಿಗೆ ಮನೆ ಬೇಕಂತೆ ಎಂದು ಕೇಳಿದ್ದೇ, ನಮ್ಮಕ್ಕನ ಮಹಡಿ ಖಾಲಿ ಐತೆ ಎಂದು ಅವರೇ ಸಾಮಾನು ಇಳಿಸಿಹೋದರು. ನೆಂಟರ ಮನೆಯಲ್ಲಿದ್ದರೆ ಇಂಜಿನಿಯರೂ ಅರ್ಧ ನೆಂಟರಾಗುತ್ತಾರೆ ಎನ್ನುವುದು ಅವರ ಲೆಕ್ಕವಿರಬೇಕು. ಮೇಡಂಗೆ ಈ ನೆಂಟಸ್ತನ ಗೊತ್ತಾದದ್ದು ತಡವಾಗಿ. ಗೊತ್ತಾದಾಗ ಬಿದ್ದೂ ಬಿದ್ದೂ ನಕ್ಕರು. ಆದರೆ ಹಳೇಬೀಡಿನ ರಸ್ತೆಯನ್ನು ಹೊಸದಾಗಿ ಹಾಕುವ ಕೆಲಸ ಮಾವನಿಗೆ ಸಿಕ್ಕಿ, ಅವರ ಕ್ವಾರಿಯ ಜಲ್ಲಿ ಪರೀಕ್ಷೆಗೆ ಬಂದ ದಿನ ಕೆಳಗೆ ಬಂದು, ಇನ್ನು ಸ್ವಲ್ಪ ದಿನ ನಿಮ್ಮ ಮನೆಯ ಕಾಫಿ ಬೇಡ ಅಮ್ಮ, ಫ್ರಿಜ್ಜಿನಿಂದ ಗಟ್ಟಿಗಳನ್ನೂ ತೆಗೆದುಕೊಂಡು ಹೋಗುತ್ತೇನೆ ಎಂದರು.

ಅತ್ತೆಗೆ ಇದು ಅರ್ಥವೇ ಆಗಲಿಲ್ಲ. ಸಂಜೆ ಆಕೆ ಬರುವ ಹೊತ್ತಿಗೆ ಕಾಫಿ ಇಡುವುದು ಅತ್ತೆಯ ದಿನಚರಿ. ಲೋಟ ತುಂಬಿ ಕರೆದರೆ ಮೇಡಂ ತಮ್ಮ ಬಾಟಲಿ ಎತ್ತಿ ತೋರಿಸಿ ಮೆಟ್ಟಿಲು ಹತ್ತುವುದು. ನನ್ನ ಕಾಫಿಯಲ್ಲಿ ಏನು ಕೆಟ್ಟಿದೆ ಎಂದು ಅತ್ತೆ ನನ್ನನ್ನು ಪೀಡಿಸಿದರು. ನಿಮ್ಮ ತಮ್ಮನ ಕಲ್ಲು ಪಾಸೋ ಫೇಲೋ ಎಂದು ಅವರು ಹೇಳಬೇಕು, ಹೇಳುವ ತನಕ ನಮ್ಮ ಕಾಫಿ ಕುಡಿಯಬಾರದು ಎಂದು ನಾನು ಬಿಡಿಸಿ ಹೇಳಿದೆ. ಅತ್ತೆ ಯೋಚಿಸಿ, ಹಾಗಾದರೆ ಪಾಸು ಮಾಡಿ ಬೇಗ ಕುಡಿಯಲಿ ಎಂದರು.

ಮಾವನ ಜಲ್ಲಿ ನೋಡಲು ಬಹಳ ಚೆಂದ. ಹಾಲುಬಿಳುಪಿನ ಮೇಲೆ ತುಸು ಕೆಂಪು ಛಾಯೆ. ಸುತ್ತಿಗೆಯ ಪೆಟ್ಟಿನ ಪರೀಕ್ಷೆ, ಅದುಮುವ ಪರೀಕ್ಷೆ, ಸವೆಸುವ ಪರೀಕ್ಷೆ, ಎಲ್ಲದರಲ್ಲೂ ಗೆದ್ದಿತ್ತು. ಸೋತದ್ದು ನೀರಿಗೆ. ಡಾಂಬರು ಸವರಿದ ಕಲ್ಲನ್ನು ನೀರಿನಲ್ಲಿಟ್ಟರೆ ಡಾಂಬರು ಮೆಲ್ಲಗೆ ಬಿಟ್ಟುಕೊಂಡು ಕಲ್ಲು ಹೊರಗೆ ಇಣುಕುತ್ತಿತ್ತು. ಹಳೇಬೀಡಿನ ಆ ರಸ್ತೆಯಾದರೋ ತಗ್ಗಿನಲ್ಲಿ, ಎರಡೂ ಕಡೆ ಭತ್ತದ ಗದ್ದೆ. ವರ್ಷದ ಅರ್ಧ ಭಾಗ ಅದರ ಕಾಲು ನೀರಿನಲ್ಲೇ. ಹಿಂದೆ ಹಾಕಿದ ರಸ್ತೆಗಳೆಲ್ಲ ಅಲ್ಲಿ ಒಂದು ಮಳೆಗಾಲಕ್ಕೇ ಕಿತ್ತು ಬಂದಿದ್ದವು. ಜಲ್ಲಿಗೆ ಅರಳಿಸಿದ ಸುಣ್ಣದ ಪುಡಿ ಬೆರೆಸದೆ ಈ ಕಲ್ಲನ್ನು ಬಳಸಕೂಡದು ಎಂದು ಮೇಡಂ ವರದಿ ಕೊಟ್ಟರು. ಕೊಟ್ಟು, ಅದೇ ಸಂಜೆ ನೇರವಾಗಿ ನಮ್ಮ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತು, ಈಗ ಕಾಫಿ ಕೊಡಿ ಅಮ್ಮ ಎಂದರು.

ವರದಿಯ ಸುದ್ದಿ ಅವರಿಗಿಂತ ಮೊದಲೇ ಫೋನಿನಲ್ಲಿ ಮನೆ ಸೇರಿತ್ತು. ಅತ್ತೆ ಲೋಟ ಮುಂದಿಟ್ಟರು. ಅದರಲ್ಲಿ ಸಕ್ಕರೆ ಇರಲಿಲ್ಲ. ಮೇಡಂ ಒಂದು ಗುಟುಕು ಕುಡಿದು ನನ್ನ ಕಡೆ ನೋಡಿದರು, ಕೆಮ್ಮಿದರು, ಆದರೆ ಪೂರ್ತಿ ಕುಡಿದೇ ಎದ್ದರು.

ಮಾವ ಮರುದಿನ ಬಂದು ಜಗಲಿಯಲ್ಲಿ ಕೂತು ದೊಡ್ಡ ದನಿಯಲ್ಲಿ ನಿಟ್ಟುಸಿರು ಬಿಟ್ಟರು. ಅಷ್ಟು ಗಟ್ಟಿ ಕಲ್ಲನ್ನು ಬೇಡ ಅನ್ನುವುದೆಂದರೇನು, ಸುಣ್ಣ ಹಾಕಲು ಇದೇನು ಗೋಡೆಯೇ, ಸುಣ್ಣ ತರಿಸಿ, ಬೆರೆಸುವ ಏರ್ಪಾಡು ಮಾಡಿ, ರಸ್ತೆ ಮುಗಿಸುವುದು ಯಾವ ಕಾಲಕ್ಕೆ. ಕೆಲಸ ನಿಂತರೆ ಆಳುಗಳೆಲ್ಲ ಬೇರೆ ಕಡೆ ಹೋಗುತ್ತಾರೆ, ತಮ್ಮ ಹೆಸರಿಗೆ ಮಸಿ. ಕೊನೆಗೆ ಅಕ್ಕನ ಕಡೆ ತಿರುಗಿ ಹೇಳಿದರು: "ಅಕ್ಕಯ್ಯ, ನಿನ್ ಮನೇಲಿದ್ಕಂಡು ನನ್ ಬುಡಕ್ಕೇ ನೀರು ಬಿಡ್ತಾವ್ಳೆ. ಮೊದ್ಲು ಆಯಮ್ಮನ್ನ ಮನೆ ಖಾಲಿ ಮಾಡ್ಸು."

ಅತ್ತೆ ಅವತ್ತು ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ತಮ್ಮ ಎಂದರೆ ಅವರಿಗೆ ಪ್ರಾಣ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವರು ಅವರೇ. ಎಲೆಯಡಿಕೆಯ ಡಬ್ಬಿ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಮೇಡಂ ಸಂಜೆ ಬಂದು ಮೆಟ್ಟಿಲು ಹತ್ತುವಾಗ ಕೂಗಿ ನಿಲ್ಲಿಸಿದರು.

"ಅದೇನ್ ಬೇಯಿಸ್ತೀಯೋ ನನ್ ಕಣ್ಮುಂದೆ ಬೇಯ್ಸು ಮೇಡಮ್ಮ. ನಾನೇ ನೋಡ್ತೀನಿ" ಎಂದರು.

ಮಂಡಿ ನೋವೆಂದು ವರ್ಷಗಟ್ಟಲೆ ಮಹಡಿ ಹತ್ತದಿದ್ದ ಅತ್ತೆ ಅವತ್ತು ಒಂದು ಕೈ ಗೋಡೆಗೆ, ಒಂದು ಕೈ ನನ್ನ ಭುಜಕ್ಕೆ ಕೊಟ್ಟು ಹತ್ತಿದರು. ಮೇಡಂ ತಮ್ಮ ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಒಲೆಯ ಮೇಲೆ ಎರಡು ಪಾತ್ರೆಗಳಲ್ಲಿ ನೀರು ಕುದಿಯಲು ಇಟ್ಟರು. ಡಾಂಬರು ಸವರಿ ಆರಿಸಿದ ಕಲ್ಲುಗಳು ಕಾಗದದ ಮೇಲೆ ಸಾಲಾಗಿದ್ದವು, ಎಲ್ಲವೂ ಎಳ್ಳುಂಡೆಯ ಹಾಗೆ ಮಿರಮಿರ ಕಪ್ಪು. ಅವನ್ನು ಎರಡು ಪಾಲು ಮಾಡಿ ಕುದಿಯುವ ನೀರಿಗೆ ಬಿಟ್ಟರು. ಮೂವರೂ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಒಲೆಯ ಸುತ್ತ ಇದ್ದೆವು. ಒಂದು ಪಾತ್ರೆಯ ನೀರಿನ ಮೇಲೆ ಎಣ್ಣೆಯ ಹಾಗೆ ಕಪ್ಪು ತೇಲಿತು. ಇನ್ನೊಂದರಲ್ಲಿ ನೀರು ಹೆಚ್ಚುಕಡಿಮೆ ತಿಳಿಯಾಗೇ ಇತ್ತು. ಜಾಲರಿ ಸೌಟಿನಲ್ಲಿ ಎತ್ತಿ ಹರಡಿದಾಗ ಮೊದಲನೆಯ ಪಾತ್ರೆಯ ಕಲ್ಲುಗಳು ಮಾವನ ಕ್ವಾರಿಯಲ್ಲಿದ್ದ ಹಾಗೇ ಹಾಲುಬಿಳುಪಾಗಿ ಕೂತಿದ್ದವು.

ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ತಿಕ್ಕಿ ತೊಳ್ದಂಗೈತಲ್ಲ. ಇದು ನಮ್ ತಮ್ಮನ ಕಲ್ಲೇಯಾ?"

"ಎರಡು ಪಾತ್ರೆಯಲ್ಲೂ ಅವರದೇ ಕಲ್ಲು ಅಮ್ಮ, ಒಂದೇ ಡಾಂಬರು. ಈ ಕಪ್ಪಗೆ ಉಳಿದಿದೆಯಲ್ಲ, ಇದಕ್ಕೆ ಮಾತ್ರ ಮೊದಲೇ ಸುಣ್ಣ ಸೋಕಿಸಿದ್ದೆ. ನಿಮ್ಮ ತಮ್ಮನ ಕಲ್ಲಿಗೆ ಡಾಂಬರಿಗಿಂತ ನೀರು ಕಂಡ್ರೇ ಆಸೆ. ನೀರು ಬಂದ್ರೆ ಡಾಂಬರನ್ನ ಬಿಟ್ಟು ಅದಕ್ಕೆ ಜಾಗ ಕೊಡುತ್ತೆ. ಸುಣ್ಣ ಇದ್ರೆ ಬಿಡಲ್ಲ."

"ಸುಣ್ಣ ಅಂದ್ರೆ, ಎಲೆಗೆ ಹಾಕ್ಕಳ್ಳೋ ಸುಣ್ಣ?"

"ಅದೇ ಜಾತಿ."

ಅತ್ತೆ ಬಿಳಿಯ ಕಲ್ಲೊಂದನ್ನೂ ಕಪ್ಪು ಕಲ್ಲೊಂದನ್ನೂ ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ ಮೇಡಂ ಕಡೆ ತಿರುಗಿ ಒಂದು ಲೋಟ ಕಾಫಿ ಇಲ್ಲೇ ಮಾಡು, ಕುಡಿದೇ ಇಳಿಯುತ್ತೇನೆ ಎಂದರು. ಒಂದು ಕ್ಷಣ ಬಿಟ್ಟು, ಆ ಪಾತ್ರೆಯಲ್ಲಿ ಮಾತ್ರ ಬೇಡ ಎಂದು ಸೇರಿಸಿದರು.

ಮಾವನನ್ನು ಊಟಕ್ಕೆ ಕರೆಸಿ, ಉಂಡಾದ ಮೇಲೆ ತಟ್ಟೆಯಲ್ಲಿ ಎರಡು ಕಲ್ಲು ಇಟ್ಟು ಅತ್ತೆ ಮುಂದಕ್ಕೆ ತಳ್ಳಿದರು. ಮಾವ ಸುಲಭಕ್ಕೆ ಸೋಲುವವರಲ್ಲ. ಮೇಡಂ ಅಲ್ಲೇ ಇದ್ದರು. ಅವರ ಮುಖಕ್ಕೆ ಕೇಳಿದರು: "ಅಲ್ಲಾ ಮೇಡಂ, ಹಳೇಬೀಡಲ್ಲಿ ಕುದಿಯೋ ನೀರಿನ್ ಮಳೆ ಸುರೀತದಾ?"

ಮೇಡಂಗೆ ಸಿಟ್ಟು ಬರಬಹುದೆಂದುಕೊಂಡೆ. ಅವರಿಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಒಬ್ಬ ಕಂಟ್ರಾಕ್ಟರಾದರೂ ಸರಿಯಾದ ಪ್ರಶ್ನೆ ಕೇಳಿದರಲ್ಲ ಎಂದು ನೆಟ್ಟಗೆ ಕೂತರು. ಮಳೆಗಾಲಗಳನ್ನು ಕಾಯುತ್ತ ಕೂರಲು ಆಗುವುದಿಲ್ಲವಲ್ಲ, ಅದಕ್ಕೆ ಕುದಿಸಿ ನೋಡುವುದು, ಆದರೆ ನಿಮಗೆ ನಂಬಿಕೆ ಬರಬೇಕಾದರೆ ಮಳೆಯನ್ನೇ ಕೇಳೋಣ ಎಂದರು. ಆ ತಗ್ಗಿನಲ್ಲೇ ಒಂದು ತುಂಡು ರಸ್ತೆ. ಅರ್ಧಕ್ಕೆ ಸುಣ್ಣ ಬೆರೆಸಿದ ಮಿಶ್ರಣ, ಅರ್ಧಕ್ಕೆ ಬೆರೆಸದ್ದು. ಒಂದೇ ದಿನ, ಒಂದೇ ರೋಲರು. ಉಳಿದ ರಸ್ತೆ ಮಳೆಗಾಲ ಮುಗಿದ ಮೇಲೆ. ಮೇಲಿನವರ ಒಪ್ಪಿಗೆಯನ್ನೂ ತಾವೇ ಓಡಾಡಿ ತಂದರು. ಮಾವ ಒಪ್ಪಿದ್ದು ಗೆಲ್ಲುತ್ತೇನೆಂಬ ಧೈರ್ಯದಿಂದ.

ರಸ್ತೆ ಹಾಕುವ ದಿನ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಕಾರಿನಲ್ಲಿ ಕರೆದುಕೊಂಡು ಹೋದೆವು. ಬಿಸಿ ಡಾಂಬರಿನ ಹಬೆ, ಆಚೆ ಈಚೆ ಹಸಿರು ಗದ್ದೆ, ಮಾವನ ಕೂಗಾಟ. ಎಲ್ಲರೂ ರೋಲರಿನ ಕಡೆ ನೋಡುತ್ತಿದ್ದಾಗ ಅತ್ತೆ ಕಾರಿನಿಂದಿಳಿದು, ಎಲೆಯಡಿಕೆಯ ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ ತೆಗೆದು, ಕಣ್ಣು ಮುಚ್ಚಿ ಶಿವನನ್ನು ನೆನೆದು, ಹಬೆಯಾಡುವ ಡಾಂಬರಿನ ಮೇಲೆ ಉದುರಿಸಿದರು. ಅದು ಸುಣ್ಣ ಬೆರೆಸದ ಅರ್ಧ. ಮೇಡಂ ಓಡಿ ಬಂದು ತಲೆಗೆ ಕೈ ಹೊತ್ತುಕೊಂಡರು. ನನ್ನ ಪರೀಕ್ಷೆ ಕೆಡಿಸಿದಿರಲ್ಲ ಅಮ್ಮ ಎಂದು ಗೋಳಾಡಿ, ಆ ಜಾಗಕ್ಕೆ ಸುಣ್ಣದಿಂದಲೇ ಒಂದು ಗುಂಡು ಸುತ್ತು ಹಾಕಿಸಿ, ಇದು ಲೆಕ್ಕಕ್ಕಿಲ್ಲ ಎಂದು ಘೋಷಿಸಿದರು.

ಮಳೆಗಾಲ ಶುರುವಾಗುವ ಹೊತ್ತಿಗೇ ಆಕೆಗೆ ವರ್ಗವಾಯಿತು. ಊರಿನವರೆಲ್ಲ ಇದು ಮಾವನದೇ ಕೆಲಸ ಎಂದುಕೊಂಡರು. ಮಾವ ಮಠದ ದಿಕ್ಕಿಗೆ ಕೈಮುಗಿದು ತಾನಲ್ಲ ಎಂದು ಆಣೆ ಇಟ್ಟರು. ಮೇಡಂ ಸಾಮಾನು ಕಟ್ಟುತ್ತ, ಅವರದೇನೂ ತಪ್ಪಿಲ್ಲ ಟೀಚರ್, ನನ್ನ ಅವಧಿ ಮುಗಿದಿತ್ತು ಅಷ್ಟೇ, ನನ್ನನ್ನು ಓಡಿಸಲು ಒಬ್ಬರೂ ಕಷ್ಟಪಡಲಿಲ್ಲವಲ್ಲ ಎಂದೇ ಬೇಜಾರು ಎಂದರು. ಹೋಗುವಾಗ ಮನೆಯ ಬಗ್ಗೆ, ನನ್ನ ಬಗ್ಗೆ ಏನೂ ಹೇಳಲಿಲ್ಲ. ಆ ತುಂಡು ರಸ್ತೆಯನ್ನು ಆಗಾಗ ಹೋಗಿ ನೋಡಿ ಎಂದರು.

ನೋಡಿದ್ದು ನಾನಲ್ಲ, ಮಾವ. ಮಳೆ ಹಿಡಿದ ಮೇಲೆ ಅವರಿಗೆ ಬೇರೆ ಕೆಲಸವೇ ಇರಲಿಲ್ಲ. ಕಾರು ತೆಗೆದುಕೊಂಡು ಹಳೇಬೀಡಿಗೆ ಹೋಗುವುದು, ಬಸ್ತಿಹಳ್ಳಿಯ ಹತ್ತಿರ ಟೀ ಕುಡಿಯುವುದು, ಆ ತಗ್ಗಿಗೆ ಬಂದು ರಸ್ತೆಯ ಎರಡು ಅರ್ಧಗಳ ನಡುವೆ ನಿಲ್ಲುವುದು. ಮೊದಲು ಕೆಲವು ವಾರ ಎರಡೂ ಒಂದೇ ಥರ ಇದ್ದವು. ಪ್ರತಿ ಸಂಜೆ ಅಕ್ಕನಿಗೆ ಫೋನು ಮಾಡಿ, ನಂದು ಬಂಡೆ ಇದ್ದಂಗೈತೆ ಎಂದು ಬೀಗುತ್ತಿದ್ದರು. ಆಮೇಲೆ ಜಡಿಮಳೆ ಹಿಡಿಯಿತು. ಗದ್ದೆ ತುಂಬಿ ನೀರು ರಸ್ತೆಯ ಅಂಚಿಗೆ ಬಂತು. ಒಂದು ದಿನ ಅವರ ಅರ್ಧದಲ್ಲಿ ಒಂದೆರಡು ಜಲ್ಲಿ ಎದ್ದವು. ತೆಂಗಿನಕಾಯಿ ಲಾರಿಯವರ ಮೇಲೆ ತಪ್ಪು ಹೊರಿಸಿದರು. ಇನ್ನೂ ನಾಲ್ಕು ಎದ್ದಾಗ ಟ್ರಾಕ್ಟರಿನವರ ಮೇಲೆ, ಆಮೇಲೆ ಬಸ್ಸಿನವರ ಮೇಲೆ. ಅದೇ ಲಾರಿ, ಅದೇ ಟ್ರಾಕ್ಟರು, ಅದೇ ಬಸ್ಸು ಮುಂದಿನ ಅರ್ಧದ ಮೇಲೂ ಹೋಗುತ್ತಿದ್ದವು. ಅಲ್ಲಿ ಏನೂ ಆಗಿರಲಿಲ್ಲ.

ಒಂದು ಸಂಜೆ ಒದ್ದೆಯಾಗಿ ಬಂದು ಜಗಲಿಯಲ್ಲಿ ಕೂತರು. ಅತ್ತೆ ಟವೆಲು ಕೊಟ್ಟರು. ಅಲ್ಲಿಯವರೆಗೆ ಆಯಮ್ಮ ಎನ್ನುತ್ತಿದ್ದವರು ನನ್ನನ್ನು ಕರೆದು, ಮೇಡಮ್ಮೋರ ನಂಬರು ಹಾಕಿಕೊಡವ್ವ ಎಂದರು. ಫೋನು ಸ್ಪೀಕರಿನಲ್ಲಿತ್ತು.

"ಮೇಡಮ್ಮೋರೆ, ನಿಮ್ದು ನಿಂತೈತೆ. ನಂದು ಹೋಯ್ತು."

ಆ ಕಡೆಯಿಂದ ಬಹಳ ಗಂಭೀರವಾದ ದನಿಯಲ್ಲಿ ಪ್ರಶ್ನೆ ಬಂತು: "ಅಮ್ಮ ಸುಣ್ಣ ಹಾಕಿದ್ದ ಜಾಗ?"

ಅದೂ ಹೋಯಿತು ಎಂದರು ಮಾವ. ಅದು ಎಲ್ಲಕ್ಕಿಂತ ಕೊನೆಗೆ ಹೋಯಿತು ಎಂದು ಅತ್ತೆ ಒಳಗಿನಿಂದ ತಿದ್ದಿದರು. ಅವರು ಅದನ್ನು ನೋಡಿರಲಿಲ್ಲ. ಮಾವ ಅಲ್ಲಗಳೆಯುವ ಸ್ಥಿತಿಯಲ್ಲಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಮಾವ ತಮ್ಮ ಅರ್ಧವನ್ನು ತಾವೇ ಕಿತ್ತು ಹಾಕಿ ಇಡೀ ರಸ್ತೆಗೆ ಸುಣ್ಣ ಬೆರೆಸಿದರು. ಆಮೇಲೆ ಹಿಡಿದ ಕೆಲಸಗಳಲ್ಲೂ ಬಿಡಲಿಲ್ಲ. ಬೇರೆ ಕಂಟ್ರಾಕ್ಟರುಗಳಿಗೆ ಪಾತ್ರೆಯಲ್ಲಿ ಕಲ್ಲು ಬೇಯಿಸಿ ತೋರಿಸುವ ಮಟ್ಟಕ್ಕೆ ಹೋದರು. ಇದನ್ನು ಕಂಡುಹಿಡಿದವರು ಯಾರು ಎಂದರೆ ಮಾವ ಮೀಸೆ ತಿರುವಿ ಸುಮ್ಮನಾಗುತ್ತಿದ್ದರು. ಅತ್ತೆ ಸುಮ್ಮನಾಗುತ್ತಿರಲಿಲ್ಲ. ತೀರಿಕೊಳ್ಳುವವರೆಗೂ, ಮನೆಗೆ ಬಂದವರಿಗೆಲ್ಲ ಹಳೇಬೀಡಿನ ಆ ರಸ್ತೆ ತಮ್ಮ ಸುಣ್ಣದಿಂದ ನಿಂತಿದೆ ಎಂದೇ ಹೇಳಿದರು. ಮೇಡಂಗೆ ಇದು ಗೊತ್ತಿತ್ತು. ಎಂದೂ ತಿದ್ದಲಿಲ್ಲ. ಅತ್ತೆಯ ಕಾರ್ಯದ ದಿನ ದೂರದಿಂದ ಬಂದು, ಪಂಕ್ತಿಯ ಕೊನೆಯಲ್ಲಿ ಕೂತು ಉಂಡು, ಯಾರಿಗೂ ಹೇಳದೆ ಹೋದರು.

ಕಳೆದ ತಿಂಗಳು ಬಂದಾಗ ಆಕೆಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾವನಿಗೂ ವಯಸ್ಸಾಗಿದೆ, ಕೆಲಸ ಬಿಟ್ಟಿದ್ದಾರೆ. ಆದರೂ ಮೇಡಂ ಬಂದಿದ್ದಾರೆ ಎಂದು ಕೇಳಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರು ತಂದರು. ರಸ್ತೆ ತೋರಿಸುತ್ತೇನೆ ಬನ್ನಿ ಎಂದರು, ಮೊಮ್ಮಗುವನ್ನು ತೋರಿಸುವವರ ಹಾಗೆ. ಮೂವರೂ ಹೊರಟೆವು. ದಾರಿಯುದ್ದಕ್ಕೂ ಮಾವ ಆ ರಸ್ತೆಯ ಗುಣಗಾನ ಮಾಡಿದರು. ಇಷ್ಟು ಮಳೆಗಾಲದಲ್ಲಿ ಒಂದು ತೇಪೆ ಹಾಕಿಲ್ಲ, ಒಂದು ಜಲ್ಲಿ ಎದ್ದಿಲ್ಲ.

ತಗ್ಗಿಗೆ ಇಳಿಯುತ್ತಿದ್ದಂತೆ ಕಂಡದ್ದು ಜೆಸಿಬಿ. ರಸ್ತೆಯ ಒಂದು ಪಕ್ಕವನ್ನು ಉದ್ದಕ್ಕೂ ಸೀಳಿ ಕಾಲುವೆ ತೋಡಿತ್ತು. ಡಾಂಬರಿನ ಹೆಂಟೆಗಳು ಗದ್ದೆಯ ಬದಿಗೆ ರಾಶಿ ಬಿದ್ದಿದ್ದವು. ನೀಲಿ ಪೈಪುಗಳು ಸಾಲಾಗಿದ್ದವು. ಮಾವ ಕಾರು ನಿಲ್ಲಿಸಿದ್ದೇ ಇಳಿದು ಹೋಗಿ ಜೆಸಿಬಿ ಡ್ರೈವರನ್ನು ಹಿಗ್ಗಾಮುಗ್ಗಾ ಬೈಯತೊಡಗಿದರು. ಡ್ರೈವರು ಇಂಜಿನ್ ಆರಿಸಿ, ಕುಡಿಯುವ ನೀರಿನ ಪೈಪು ಹಾಕಲು ಹೇಳಿದ್ದಾರೆ, ಊರಿಗೇ ನೀರು ಬರುತ್ತದೆ, ನನಗೇಕೆ ಬೈಯುತ್ತೀರಿ ಎಂದು ತಾಳ್ಮೆಯಿಂದಲೇ ಹೇಳಿದ. ಮಳೆಯ ನೀರು, ಗದ್ದೆಯ ನೀರು ಎಲ್ಲ ಸೋತ ಮೇಲೆ ನಲ್ಲಿಯ ನೀರು ಬಂದು ಗೆದ್ದಿತ್ತು. ನನಗೆ ಮೇಡಂ ಮುಖ ನೋಡಲು ಧೈರ್ಯವಾಗಲಿಲ್ಲ.

ತಿರುಗಿ ನೋಡಿದರೆ ಆಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಕಾಲುವೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಹೆಂಟೆ ಎತ್ತಿಕೊಂಡು, ಕಲ್ಲಿನಿಂದ ಕುಟ್ಟಿ ಒಡೆದರು. ಒಳಗಿನ ಭಾಗವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಒಂದೊಂದು ಜಲ್ಲಿಯೂ ಕಪ್ಪಗೆ, ಹೊಸದಾಗಿ ಸವರಿದಂತೆ ಹೊಳೆಯುತ್ತಿತ್ತು. ಬಿಳಿಯ ಕಲ್ಲು ಒಂದೂ ಇಣುಕಿರಲಿಲ್ಲ.

"ಟೀಚರ್, ಇಲ್ಲಿ ನೋಡಿ" ಎಂದರು. "ಒಳ್ಳೇ ರಸ್ತೆನ ಯಾರೂ ಅಗೆದು ಪರೀಕ್ಷೆಗೆ ತರಲ್ಲ. ಕಿತ್ತೋದ ಮೇಲೆ ಯಾಕೆ ಕಿತ್ತೋಯ್ತು ಅಂತ ತರ್ತಾರೆ. ಸರ್ವಿಸ್ ಪೂರ್ತಿ ನಾನು ಕೆಟ್ಟಿದ್ದನ್ನೇ ಒಡೆದು ನೋಡಿದ್ದು. ಚೆನ್ನಾಗಿರೋದರ ಒಳಗೆ ಹೇಗಿರುತ್ತೆ ಅಂತ ಇವತ್ತು ನೋಡಿದೆ."

ಮಾವ ಬೈಯುವುದನ್ನು ನಿಲ್ಲಿಸಿ ಹತ್ತಿರ ಬಂದು ಅವರ ಪಕ್ಕದಲ್ಲಿ ಕಷ್ಟಪಟ್ಟು ಕೂತರು. ಡಾಕ್ಟರನ್ನು ಕೇಳುವ ಹಾಗೆ ಮೆಲ್ಲಗೆ, ಹೆಂಗೈತೆ ಮೇಡಮ್ಮೋರೆ ಎಂದರು. ಆಕೆ ಅರ್ಧ ಹೆಂಟೆಯನ್ನು ಅವರ ಕೈಗಿಟ್ಟರು. ಇಬ್ಬರೂ ಒಂದೊಂದು ಅರ್ಧ ಹಿಡಿದು ಬಿಸಿಲಿಗೆ ತಿರುಗಿಸಿ ನೋಡುತ್ತ ಕೂತರು. ಹಿಂದಿನಿಂದ ಬಂದ ಮಾದಿಹಳ್ಳಿಯ ಬಸ್ಸು ಹಾರನ್ ಹೊಡೆದು, ಕಾಲುವೆ ತಪ್ಪಿಸಿಕೊಂಡು ಮುಂದೆ ಹೋಯಿತು.

ಆಮೇಲೆ ಮೇಡಂ ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಜೆಸಿಬಿಯ ಹತ್ತಿರ ಹೋದರು. ಇನ್ನೂ ಮುಟ್ಟದೆ ಬಿಟ್ಟಿದ್ದ ರಸ್ತೆಯ ಕಡೆ ಕೈತೋರಿಸಿ, "ಒಂದು ಸ್ವಲ್ಪ ಆ ಮಗ್ಗುಲಲ್ಲೂ ಅಗೀತೀರಾಪ್ಪ? ಅಲ್ಲಿ ಹೇಗಿದೆ ನೋಡಬೇಕು" ಎಂದು ಕೇಳಿದರು.

ಡ್ರೈವರು ಕಕ್ಕಾಬಿಕ್ಕಿಯಾಗಿ ಮಾವನ ಮುಖ ನೋಡಿದ. ಮಾವ ರಸ್ತೆಯನ್ನೊಮ್ಮೆ, ಮೇಡಂ ಮುಖವನ್ನೊಮ್ಮೆ ನೋಡಿದರು. ಕೊನೆಗೆ ಕೈಬೀಸಿದರು.

"ಅಗಿ ಕಣಪ್ಪ. ನೋಡ್ಲಿ ಅವ್ರು."